‘ಶಸ್ತ್ರಚಿಕಿತ್ಸೆಗೆ ಅನರ್ಹ’: ಒಂದು ಹೃದಯ ಕವಾಟದ ಚರಿತ್ರೆ

ಸರ್ಕಾರಿ ಕಡತದ ಮೇಲೆ ‘ಅನರ್ಹ’ ಎಂಬ ಷರಾ ಒಮ್ಮೆ ಬಿದ್ದರೆ ಸಾಕು, ಆ ಕಡತ ಮತ್ತೆ ಮೇಜಿನ ಮೇಲೆ ಕಾಣಿಸಿಕೊಳ್ಳುವುದು ಅಪರೂಪ. ಕಡತಗಳ ನಡುವೆಯೇ ಅರ್ಧ ಆಯುಷ್ಯ ಕಳೆದಿರುವ ನಮಗೆ ಇದು ಚೆನ್ನಾಗಿ ಗೊತ್ತು. ಷರಾ ಬರೆದವನು ಕೆಟ್ಟವನೇನಲ್ಲ. ನಿಯಮ ಹಾಗಿದೆ, ಮುಂದಿನ ಕಡತ ಕಾಯುತ್ತಿದೆ. ವೈದ್ಯಲೋಕದಲ್ಲಿಯೂ ಇಂಥದೊಂದು ಷರಾ ಬಹುಕಾಲ ಚಲಾವಣೆಯಲ್ಲಿತ್ತು. ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಕಿರಿದಾದ ವೃದ್ಧರನ್ನು ಪರೀಕ್ಷಿಸಿ ‘ಶಸ್ತ್ರಚಿಕಿತ್ಸೆಗೆ ಅನರ್ಹ’ ಎಂದು ಬರೆದು, ಒಂದಿಷ್ಟು ಮಾತ್ರೆ ಕೊಟ್ಟು ಮನೆಗೆ ಕಳುಹಿಸಲಾಗುತ್ತಿತ್ತು. ಎದೆಯನ್ನು ಸೀಳದೆ, ತೊಡೆಯ ರಕ್ತನಾಳದೊಳಗಿಂದ ನಳಿಗೆ ತೂರಿಸಿ, ಮಿಡಿಯುತ್ತಿರುವ ಹೃದಯದಲ್ಲಿಯೇ ಹೊಸ ಕವಾಟವನ್ನು ಕೂರಿಸುವ ವಿದ್ಯೆಯೊಂದು ಈಗ ಇದೆ. ಆಸ್ಪತ್ರೆಗಳಲ್ಲಿ ಅದನ್ನು ‘ಟಾವಿ’ ಎನ್ನುತ್ತಾರೆ, ಕೆಲವೆಡೆ ‘ಟಾವರ್’ ಎಂದೂ ಕರೆಯುತ್ತಾರೆ. ಅದು ಹುಟ್ಟಿದ್ದು ಆ ಷರಾವನ್ನು ಒಪ್ಪದ ಕೆಲವರ ಹಟದಿಂದ.

ಮೊದಲು ರೋಗದ ವಿಚಾರ. ಹೃದಯದ ಎಡ ಕುಕ್ಷಿಯಿಂದ ರಕ್ತ ಮಹಾಪಧಮನಿಗೆ ನುಗ್ಗುವ ಬಾಗಿಲಲ್ಲಿ ಮೂರು ತೆಳು ಎಸಳುಗಳ ಕವಾಟವಿದೆ. ಆರೋಗ್ಯವಂತರಲ್ಲಿ ಅದು ತೆರೆದಾಗ ಮೂರರಿಂದ ನಾಲ್ಕು ಚದರ ಸೆಂಟಿಮೀಟರಿನಷ್ಟು ದಾರಿಯಾಗುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಈ ಎಸಳುಗಳಿಗೆ ಸುಣ್ಣ ಕಟ್ಟಿ ಅವು ಕಲ್ಲಿನಂತಾಗುತ್ತವೆ. ದಾರಿ ಒಂದು ಚದರ ಸೆಂಟಿಮೀಟರಿಗಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು. ಹೃದಯ ಮೊದಮೊದಲು ಸದ್ದಿಲ್ಲದೆ ಹೆಚ್ಚು ಒತ್ತಿ ದುಡಿಯುತ್ತದೆ, ಅದರ ಸ್ನಾಯು ದಪ್ಪವಾಗುತ್ತದೆ, ವರ್ಷಗಟ್ಟಲೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು, ಕೆಲವರಿಗೆ ಹಠಾತ್ತನೆ ಕಣ್ಣು ಕತ್ತಲೆ ಬಂದು ಬೀಳುವುದು. ದೂರದ ಊರುಗಳಲ್ಲಿ ನೌಕರಿ ಹಿಡಿದ ನಮ್ಮಂಥವರು ಊರಿನಲ್ಲಿರುವ ಹಿರಿಯರಿಂದ ಫೋನಿನಲ್ಲಿ ಇದನ್ನು ಕೇಳುತ್ತೇವೆ. ‘ವಯಸ್ಸಾಯಿತಲ್ಲ’ ಎಂದು ಅವರೂ ಹೇಳುತ್ತಾರೆ, ನಾವೂ ನಂಬುತ್ತೇವೆ. ರೋಗ ಮರೆಯಲ್ಲಿ ಬೆಳೆಯುವುದಕ್ಕೆ ಈ ಒಂದು ವಾಕ್ಯ ಸಾಕು. 1968ರಲ್ಲಿ ಜಾನ್ ರಾಸ್ ಮತ್ತು ಯೂಜೀನ್ ಬ್ರಾನ್‌ವಾಲ್ಡ್ ಎಂಬ ಅಮೆರಿಕದ ವೈದ್ಯರು ಇಂಥ ರೋಗಿಗಳ ಆಯುಷ್ಯದ ಲೆಕ್ಕ ಹಾಕಿ ತೋರಿಸಿದರು: ಎದೆನೋವು ತೊಡಗಿದ ಮೇಲೆ ಸರಾಸರಿ ಐದು ವರ್ಷ, ಮೂರ್ಛೆ ಬರತೊಡಗಿದರೆ ಮೂರು, ಹೃದಯ ಸೋಲತೊಡಗಿದರೆ ಎರಡು. ಔಷಧದಿಂದ ಈ ಲೆಕ್ಕ ಬದಲಾಗುವಂತಿರಲಿಲ್ಲ. ಕಲ್ಲಾದ ಬಾಗಿಲನ್ನು ಮಾತ್ರೆ ತೆರೆಯಲಾರದು.

ಬಾಗಿಲನ್ನೇ ಮುಟ್ಟುವ ಸಾಹಸ ಅದಕ್ಕಿಂತ ಹಳೆಯದು. ಮೊದಲನೆಯ ಮಹಾಯುದ್ಧಕ್ಕೂ ಮುಂಚೆ ಪ್ಯಾರಿಸ್ಸಿನ ಶಸ್ತ್ರವೈದ್ಯ ಥಿಯೊಡೋರ್ ಟುಫಿಯೆ ಮಹಾಪಧಮನಿಯ ಗೋಡೆಯನ್ನು ಹೊರಗಿನಿಂದ ಬೆರಳಿನಿಂದ ಒಳಕ್ಕೊತ್ತಿ ಕಿರಿದಾದ ಕವಾಟವನ್ನು ಅಗಲಿಸಲು ಯತ್ನಿಸಿದ್ದ, ರೋಗಿ ಬದುಕಿಕೊಂಡ. 1952ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ ಚಾರ್ಲ್ಸ್ ಹಫ್ನಗೆಲ್ ಪ್ಲಾಸ್ಟಿಕ್ ಕೊಳವೆಯೊಳಗೆ ಚೆಂಡೊಂದು ಮೇಲೆ ಕೆಳಗೆ ಆಡುವ ಕವಾಟವನ್ನು, ಸೋರುವ ಕವಾಟವಿದ್ದ ರೋಗಿಯಲ್ಲಿ, ಹೃದಯದಿಂದ ಕೆಳಗೆ ಇಳಿಯುವ ಮಹಾಪಧಮನಿಯಲ್ಲಿ ಜೋಡಿಸಿದ. ಇಂಥ ಕವಾಟ ಹೊತ್ತವರ ಎದೆಯ ಟಕಟಕ ಸದ್ದು ಪಕ್ಕದಲ್ಲಿ ಕುಳಿತವರಿಗೂ ಕೇಳುತ್ತಿತ್ತು. ಮರುವರ್ಷ ಜಾನ್ ಗಿಬ್ಬನ್ ತನ್ನ ಹೃದಯ-ಶ್ವಾಸಕೋಶ ಯಂತ್ರವನ್ನು ಯಶಸ್ವಿಯಾಗಿ ಬಳಸಿದ ಮೇಲೆ ಹೃದಯವನ್ನು ನಿಲ್ಲಿಸಿ, ತೆರೆದು, ಒಳಗೆ ಕೆಲಸ ಮಾಡುವುದು ಸಾಧ್ಯವಾಯಿತು. 1960ರಲ್ಲಿ ಬಾಸ್ಟನ್ನಿನ ಡ್ವೈಟ್ ಹಾರ್ಕೆನ್ ಮಹಾಪಧಮನಿಯ ಕವಾಟದ ಜಾಗದಲ್ಲಿಯೇ ಕೃತಕ ಕವಾಟವನ್ನು ಹೊಲಿದರೆ, ಆಲ್ಬರ್ಟ್ ಸ್ಟಾರ್ ಎಂಬ ತರುಣ ಶಸ್ತ್ರವೈದ್ಯ, ನಿವೃತ್ತ ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಜತೆ ಸೇರಿ, ಮೈಟ್ರಲ್ ಕವಾಟಕ್ಕೆ ಚೆಂಡು-ಪಂಜರದ ಕವಾಟ ಜೋಡಿಸಿದ. ಎಡ್ವರ್ಡ್ಸ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ತೆರೆದೆದೆಯ ಶಸ್ತ್ರಚಿಕಿತ್ಸೆ ಅಸಂಖ್ಯ ಜೀವಗಳನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಅದನ್ನು ಹಳೆಯ ಕಾಲದ ಕ್ರೌರ್ಯವೆಂಬಂತೆ ಬಣ್ಣಿಸುವ ಜಾಹೀರಾತಿನ ಧಾಟಿ ನಮಗೆ ಹಿಡಿಸದು. ಆದರೆ ಎದೆಯ ಮೂಳೆಯನ್ನು ಉದ್ದಕ್ಕೆ ಕೊಯ್ದು, ಹೃದಯವನ್ನು ನಿಲ್ಲಿಸಿ, ಮತ್ತೆ ಹೊಲಿದು ಎಬ್ಬಿಸುವ ಈ ಕ್ರಿಯೆಯನ್ನು ಎಂಬತ್ತು ದಾಟಿದ, ಮೂತ್ರಪಿಂಡವೋ ಶ್ವಾಸಕೋಶವೋ ಸೋತ ದೇಹ ತಡೆದುಕೊಳ್ಳಬೇಕಲ್ಲ! ಈ ಶತಮಾನದ ಆರಂಭದಲ್ಲಿ ಯುರೋಪಿನಾದ್ಯಂತ ನಡೆದ ಸಮೀಕ್ಷೆಯೊಂದರಲ್ಲಿ, ರೋಗಲಕ್ಷಣಗಳಿದ್ದ ತೀವ್ರ ಕವಾಟ ಸಂಕೋಚನದ ವೃದ್ಧರಲ್ಲಿ ಮೂವರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಿಯೇ ಇರಲಿಲ್ಲವೆಂದು ಕಂಡುಬಂದಿತು. ರೋಗ ಯಾರಲ್ಲಿ ಹೆಚ್ಚೋ ಅವರಿಗೇ ಚಿಕಿತ್ಸೆ ಇಲ್ಲ.

ಇನ್ನೊಂದು ದಾರಿಯ ಹುಡುಕಾಟ ಶಸ್ತ್ರವೈದ್ಯರಿಂದಲ್ಲ, ನಳಿಗೆ ಹಿಡಿದವರಿಂದ ಆರಂಭವಾಯಿತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದ ವರ್ನರ್ ಫೋರ್ಸ್‌ಮನ್, ಮೇಲಧಿಕಾರಿ ಬೇಡವೆಂದರೂ ಕೇಳದೆ, ತನ್ನ ತೋಳಿನ ರಕ್ತನಾಳದಲ್ಲಿ ಮೂತ್ರರೋಗದ ಚಿಕಿತ್ಸೆಯ ನಳಿಗೆಯನ್ನು 65 ಸೆಂಟಿಮೀಟರಿನಷ್ಟು ತೂರಿಸಿಕೊಂಡು, ಆ ಸ್ಥಿತಿಯಲ್ಲಿಯೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದು, ನಳಿಗೆಯ ತುದಿ ಹೃದಯದೊಳಗಿರುವ ಚಿತ್ರ ತೆಗೆಸಿಕೊಂಡ. ಆಗ ಬೈಗುಳ ಸಿಕ್ಕಿತು. 1956ರಲ್ಲಿ ನೊಬೆಲ್ ಸಿಕ್ಕಿತು. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್, ತನ್ನ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ತಯಾರಿಸಿ ಪಳಗಿಸಿದ ಪುಟ್ಟ ಬಲೂನಿನಿಂದ ಹೃದಯದ ರಕ್ತನಾಳವೊಂದರ ಅಡಚಣೆಯನ್ನು ಬಿಡಿಸಿದ. ನಳಿಗೆ ಅಲ್ಲಿಯವರೆಗೆ ನೋಡುವ ಸಾಧನವಾಗಿತ್ತು, ಅಂದಿನಿಂದ ಮಾಡುವ ಸಾಧನವಾಯಿತು.

ಇಲ್ಲಿಂದ ಕಥೆ ಫ್ರಾನ್ಸಿನ ನಾರ್ಮಂಡಿಯ ರುವಾನ್ ಪಟ್ಟಣಕ್ಕೆ ಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಾಗಿದ್ದ ನಮಗೆ ರುವಾನ್ ಎಂದರೆ ‘ಮದಾಂ ಬೋವರಿ’ ಬರೆದ ಫ್ಲೋಬೇರನ ಊರು. ಅವನ ತಂದೆ ಅಲ್ಲಿನ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ. ಮಗ ಹುಟ್ಟಿದ್ದೂ ಆ ಆಸ್ಪತ್ರೆಯ ವಸತಿಯಲ್ಲಿಯೇ. ಆ ಕಾದಂಬರಿಯಲ್ಲಿ ವಕ್ರಪಾದದ ಕೆಲಸದಾಳೊಬ್ಬನ ಮೇಲೆ ಅರೆಬೆಂದ ವೈದ್ಯ ಹೊಸ ಶಸ್ತ್ರಕ್ರಿಯೆ ಪ್ರಯೋಗಿಸಲು ಹೋಗಿ ಅವನ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಹೊಸ ಚಿಕಿತ್ಸೆಯ ಹುಮ್ಮಸ್ಸಿನ ಬೆಲೆಯನ್ನು ರೋಗಿಯ ದೇಹ ತೆರುತ್ತದೆ ಎಂಬ ಎಚ್ಚರವನ್ನು ಬರೆದಿಟ್ಟ ಊರಿನಲ್ಲಿಯೇ ನಮ್ಮ ಕಥಾನಾಯಕನೂ ಕೆಲಸ ಮಾಡಿದ್ದು.

ಅಲಾಂ ಕ್ರಿಬಿಯೆ ರುವಾನಿನ ಶಾರ್ಲ್ ನಿಕೋಲ್ ಆಸ್ಪತ್ರೆಯ ಹೃದ್ರೋಗ ತಜ್ಞ. 1985ರ ಸೆಪ್ಟೆಂಬರಿನಲ್ಲಿ 72 ವರ್ಷದ ಮಹಿಳೆಯೊಬ್ಬರು ಅವನ ಬಳಿ ಬಂದರು. ವಯಸ್ಸಿನ ಕಾರಣಕ್ಕೆ ಶಸ್ತ್ರವೈದ್ಯರು ಅವರನ್ನು ನಿರಾಕರಿಸಿದ್ದರು. 72 ವರ್ಷ! ಇಂದು ಆ ವಯಸ್ಸಿನವರು ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಮಸಾಲೆ ದೋಸೆಗೆ ಸಾಲು ನಿಲ್ಲುತ್ತಾರೆ. ಕ್ರಿಬಿಯೆ ಸುಣ್ಣಗಟ್ಟಿದ ಅವರ ಕವಾಟದೊಳಗೆ ಬಲೂನನ್ನು ಕೊಂಡೊಯ್ದು ಉಬ್ಬಿಸಿದ. ಕವಾಟ ಒಡೆಯಲಿಲ್ಲ, ಸುಣ್ಣದ ಚೂರು ಮಿದುಳಿಗೆ ಹೋಗಲಿಲ್ಲ, ರೋಗಿ ಚೇತರಿಸಿಕೊಂಡರು. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂದದ್ದೇ ತಡ, ಜಗತ್ತಿನ ನಾನಾ ಕಡೆಯ ವೈದ್ಯರು ಈ ವಿದ್ಯೆಯನ್ನು ಕೈಗೆತ್ತಿಕೊಂಡರು. ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಬಲೂನಿನಿಂದ ಅಗಲವಾದ ಕವಾಟ ಬಹುಪಾಲು ರೋಗಿಗಳಲ್ಲಿ ವರ್ಷದೊಳಗೆ ಮತ್ತೆ ಕಿರಿದಾಗುತ್ತಿತ್ತು. ಬಾಗಿಲನ್ನು ತಳ್ಳಿ ತೆರೆದರಷ್ಟೇ ಸಾಲದು, ತೆರೆದ ಜಾಗದಲ್ಲಿ ಏನನ್ನಾದರೂ ನಿಲ್ಲಿಸಬೇಕು.

ಇದೇ ಯೋಚನೆ ಡೆನ್ಮಾರ್ಕಿನ ಆರ್ಹುಸ್ ನಗರದ ಹೆನಿಂಗ್ ರೂಡ್ ಆಂಡರ್ಸನ್ ಎಂಬ ಯುವ ವೈದ್ಯನಿಗೆ ಬೇರೆ ದಾರಿಯಿಂದ ಹೊಳೆಯಿತು. 1989ರ ಫೆಬ್ರುವರಿಯಲ್ಲಿ ಅಮೆರಿಕದ ಅರಿಜೋನಾದಲ್ಲಿ ಅವನು ಹೂಲಿಯೊ ಪಾಲ್ಮಾಜ್ ಎಂಬಾತನ ಉಪನ್ಯಾಸ ಕೇಳಿದ. ಕಿರಿದಾದ ರಕ್ತನಾಳವನ್ನು ತೆರೆದಿಡುವ ಲೋಹದ ಬಲೆಯನ್ನು, ಅಂದರೆ ಸ್ಟೆಂಟನ್ನು, ರೂಪಿಸಿದವರಲ್ಲಿ ಪಾಲ್ಮಾಜ್ ಒಬ್ಬ. ಸ್ಟೆಂಟು ಇನ್ನೂ ದೊಡ್ಡದಿದ್ದರೆ ಅದರೊಳಗೆ ಕವಾಟವನ್ನೇ ಹೊಲಿದು ಮಡಚಿ ಕಳುಹಿಸಬಹುದಲ್ಲವೆ ಎಂದು ಆಂಡರ್ಸನ್‌ಗೆ ಅನ್ನಿಸಿತು. ಊರಿಗೆ ಮರಳಿದವನು ತಂತಿ ತಂದು ಕೈಯಿಂದಲೇ ಬಾಗಿಸಿದ. ಮಾಂಸದಂಗಡಿಯಿಂದ ಹಂದಿಯ ಹೃದಯಗಳನ್ನು ತಂದು ಕವಾಟ ಬಿಡಿಸಿ ತಂತಿಯ ಬಲೆಯೊಳಗೆ ಹೊಲಿದ. ಅದೇ ವರ್ಷದ ಮೇ 1ರಂದು ಜೀವಂತ ಹಂದಿಯೊಂದರ ಮಹಾಪಧಮನಿಯಲ್ಲಿ ಆ ಕವಾಟ ಬಲೂನಿನ ಮೇಲೇರಿ ಹೋಗಿ ಕುಳಿತು ಕೆಲಸ ಮಾಡತೊಡಗಿತು. ಆದರೆ ಲೇಖನವನ್ನು ದೊಡ್ಡ ಪತ್ರಿಕೆಗಳು ಹಿಂದಿರುಗಿಸಿದವು. 1992ರಲ್ಲಿ ಅದು ‘ಯುರೋಪಿಯನ್ ಹಾರ್ಟ್ ಜರ್ನಲ್’ನಲ್ಲಿ ಬೆಳಕು ಕಂಡಿತು. ಹಕ್ಕುಸ್ವಾಮ್ಯ ಪಡೆದಿಟ್ಟಿದ್ದರೂ ಆಂಡರ್ಸನ್‌ನ ಕೈಯಲ್ಲಿ ಇದು ಮನುಷ್ಯರವರೆಗೆ ತಲುಪಲಿಲ್ಲ.

ಕ್ರಿಬಿಯೆಯ ಪಾಡೂ ಇದಕ್ಕಿಂತ ಉತ್ತಮವೇನಲ್ಲ. ಅವನು ಮತ್ತು ಸಹೋದ್ಯೋಗಿ ಎಲೆನ್ ಎಲ್ಚಾನಿನೋಫ್ ಮೊದಲು ಶವಾಗಾರಕ್ಕೆ ಹೋದರು. 1990ರ ದಶಕದ ಮೊದಲರ್ಧದಲ್ಲಿ, ಸುಣ್ಣಗಟ್ಟಿದ ಹನ್ನೆರಡು ಮೃತರ ಕವಾಟಗಳಲ್ಲಿ 23 ಮಿಲಿಮೀಟರ್ ವ್ಯಾಸದ ಸ್ಟೆಂಟುಗಳನ್ನು ಅರಳಿಸಿ ನೋಡಿದರು. ಸುಣ್ಣವೇ ಸ್ಟೆಂಟನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ, ಎಳೆದರೂ ಸುಲಭಕ್ಕೆ ಬಾರದು ಎಂದು ತಿಳಿಯಿತು. ರೋಗವೇ ಚಿಕಿತ್ಸೆಗೆ ಗೂಟವಾಗಿ ನಿಂತದ್ದು ಈ ಚರಿತ್ರೆಯಲ್ಲಿ ನಮಗೆ ಬಹಳ ಇಷ್ಟವಾದ ಸಂಗತಿ. ಪುರಾವೆ ಹಿಡಿದು ಕ್ರಿಬಿಯೆ ಕಂಪನಿಗಳ ಬಾಗಿಲು ತಟ್ಟಿದ. ಎಲ್ಲೆಡೆ ಇಲ್ಲವೆಂಬ ಉತ್ತರ. ಕವಾಟದ ಸನಿಹದಲ್ಲಿಯೇ ಹೃದಯಕ್ಕೆ ರಕ್ತ ಕೊಡುವ ನಾಳಗಳ ಬಾಯಿಗಳಿವೆ, ಅವು ಮುಚ್ಚಿಹೋಗುತ್ತವೆ. ಕೆಳಗೆ ಹೃದಯದ ವಿದ್ಯುತ್ ದಾರಿ ಹಾದುಹೋಗುತ್ತದೆ, ಅದು ಜಜ್ಜಿಹೋಗುತ್ತದೆ. ಸುಣ್ಣ ಕಳಚಿ ಪಾರ್ಶ್ವವಾಯುವಾಗುತ್ತದೆ. ಕವಾಟವೇ ರಕ್ತದ ರಭಸಕ್ಕೆ ಹಾರಿಹೋಗುತ್ತದೆ. ತಜ್ಞರ ಈ ಆಕ್ಷೇಪಗಳನ್ನು ಮೂಢತನವೆಂದು ಈಗ ನಗುವುದು ಸುಲಭ. ಅವುಗಳಲ್ಲಿ ಒಂದೂ ಹುಸಿಯಾಗಿರಲಿಲ್ಲ. ಪಾರ್ಶ್ವವಾಯು, ಪೇಸ್‌ಮೇಕರ್ ಅಳವಡಿಸಬೇಕಾಗಿ ಬರುವುದು, ಕವಾಟದ ಅಂಚಿನಲ್ಲಿ ರಕ್ತ ಸೋರುವುದು, ಇವೆಲ್ಲ ಇಂದಿಗೂ ಈ ಚಿಕಿತ್ಸೆಯ ಬೆನ್ನು ಬಿಟ್ಟಿಲ್ಲ. ತಜ್ಞರು ಎಡವಿದ್ದು ಅಪಾಯವನ್ನು ಎಣಿಸುವುದರಲ್ಲಲ್ಲ. ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದು ಅವರು ತೂಗಲಿಲ್ಲ.

ಕೊನೆಗೆ 1999ರಲ್ಲಿ ಕ್ರಿಬಿಯೆ, ಅಮೆರಿಕದ ಮಾರ್ಟಿನ್ ಲಿಯಾನ್ ಮತ್ತಿಬ್ಬರು ಸೇರಿ ತಾವೇ ಒಂದು ಸಣ್ಣ ಕಂಪನಿ ಕಟ್ಟಿದರು. ಇಸ್ರೇಲಿನ ಎಂಜಿನಿಯರುಗಳು ಸ್ಟೆಂಟಿನೊಳಗೆ ಕವಾಟ ಹೊಲಿದು ಕೊಟ್ಟರು. ಕುರಿಗಳಲ್ಲಿ ಪರೀಕ್ಷೆ ನಡೆಯಿತು. ಈ ನಡುವೆ 2000ದಲ್ಲಿ ಪ್ಯಾರಿಸ್ಸಿನಲ್ಲಿ ಫಿಲಿಪ್ ಬೊನ್ಹಾಫರ್ ಹನ್ನೆರಡು ವರ್ಷದ ಬಾಲಕನ ಶ್ವಾಸಕೋಶದ ನಾಳದ ಕವಾಟವನ್ನು, ದನದ ಕತ್ತಿನ ನಾಳದಿಂದ ತೆಗೆದ ಕವಾಟವನ್ನು ನಳಿಗೆಯ ಮೂಲಕ ಕಳುಹಿಸಿ, ಬದಲಿಸಿದ್ದ. ಕಲ್ಪನೆ ಹುಚ್ಚಲ್ಲವೆಂದು ಅದು ಸಾರಿತು.

2002ರ ಏಪ್ರಿಲ್ 16. ರುವಾನ್ ಆಸ್ಪತ್ರೆಯಲ್ಲಿ 57 ವರ್ಷದ ವ್ಯಕ್ತಿಯೊಬ್ಬ ಸಾವಿನ ಅಂಚಿನಲ್ಲಿದ್ದ. ಕವಾಟ ಸುಣ್ಣಗಟ್ಟಿತ್ತು, ರಕ್ತದೊತ್ತಡ ಕುಸಿದಿತ್ತು, ಒಂದು ಕಾಲಿಗೆ ರಕ್ತಪೂರೈಕೆ ನಿಲ್ಲುತ್ತ ಬಂದಿತ್ತು. ಶಸ್ತ್ರವೈದ್ಯರು ನಿರಾಕರಿಸಿದ್ದರು. ಬಲೂನು ಚಿಕಿತ್ಸೆಯನ್ನೂ ಮಾಡಿ ನೋಡಲಾಗಿತ್ತು, ಅದರ ಫಲ ನಿಲ್ಲಲಿಲ್ಲ. ಉಳಿದದ್ದು ಕುರಿಗಳಲ್ಲಿ ಮಾತ್ರ ಪರೀಕ್ಷಿಸಿದ್ದ ಕವಾಟ. ತೊಡೆಯ ಅಪಧಮನಿಗಳ ದಾರಿ ಕೆಟ್ಟಿದ್ದರಿಂದ ಕ್ರಿಬಿಯೆ ಅಭಿಧಮನಿಯ ಸುತ್ತುದಾರಿ ಹಿಡಿದ: ಬಲ ಹೃತ್ಕರ್ಣ, ಅಲ್ಲಿಂದ ನಡುಗೋಡೆಯನ್ನು ಚುಚ್ಚಿ ಎಡ ಹೃತ್ಕರ್ಣ, ಮೈಟ್ರಲ್ ಕವಾಟ ದಾಟಿ ಎಡ ಕುಕ್ಷಿ, ಅಲ್ಲಿಂದ ಮೇಲಕ್ಕೆ ತಿರುಗಿ ರೋಗಗ್ರಸ್ತ ಕವಾಟ. ನಳಿಗೆಗಳ ದಪ್ಪವನ್ನು ಇಂದಿಗೂ ‘ಫ್ರೆಂಚ್’ ಎಂಬ ಮಾನದಲ್ಲಿ ಅಳೆಯುತ್ತಾರೆ, ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರು. ಅಂದು ಬಳಸಿದ್ದು 24 ಫ್ರೆಂಚ್, ಎಂಟು ಮಿಲಿಮೀಟರಿನ ದಪ್ಪ ಕೊಳವೆ. ದನದ ಹೃದಯದ ಹೊರಪೊರೆಯಿಂದ ಮಾಡಿದ ಮೂರು ಎಸಳುಗಳ ಕವಾಟ ಬಲೂನಿನ ಮೇಲೆ ಅರಳಿತು. ಹೃದಯದ ನಾಳಗಳು ಮುಚ್ಚಲಿಲ್ಲ, ಮೈಟ್ರಲ್ ಕವಾಟಕ್ಕೆ ಪೆಟ್ಟಾಗಲಿಲ್ಲ, ಅಂಚಿನಲ್ಲಿ ಸ್ವಲ್ಪ ಸೋರಿಕೆಯಷ್ಟೇ. ಎರಡು ದಿನಗಳಲ್ಲಿ ಹೃದಯ ಸುಧಾರಿಸಿತು.

ಆ ಮನುಷ್ಯ ಹದಿನೇಳು ವಾರ ಬದುಕಿದ. ಕವಾಟ ಕೊನೆಯವರೆಗೂ ಸರಿಯಾಗಿಯೇ ಕೆಲಸ ಮಾಡಿತು. ಕಾಲು ಮಾತ್ರ ಉಳಿಯಲಿಲ್ಲ. ಅದನ್ನು ಕತ್ತರಿಸಬೇಕಾಯಿತು, ಗಾಯ ಮಾಗಲಿಲ್ಲ, ಸೋಂಕು ತಗುಲಿತು. ವೈದ್ಯಕೀಯ ಚರಿತ್ರೆಯ ಪುಸ್ತಕಗಳು ‘ಮೊದಲ ಯಶಸ್ಸು’ ಎಂಬ ಎರಡು ಪದಗಳಲ್ಲಿ ದಾಟಿಹೋಗುವ ಈ ಹದಿನೇಳು ವಾರಗಳ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕೆನ್ನಿಸುತ್ತದೆ. ನಂತರದ ರೋಗಿಗಳೂ ಇಂಥವರೇ. ಬೇರೆ ಯಾವ ದಾರಿಯೂ ಇಲ್ಲದ, ವಾರಗಳಷ್ಟೇ ಆಯುಷ್ಯ ಉಳಿದವರ ಮೇಲೆ ಮಾತ್ರ ಪ್ರಯೋಗಿಸಬಹುದಿತ್ತು. ಹಲವರು ಕೆಲವೇ ತಿಂಗಳಲ್ಲಿ ಇತರ ಕಾಯಿಲೆಗಳಿಂದ ತೀರಿಕೊಂಡರು. ಇಂದು ಮೂರನೆಯ ದಿನ ಮನೆಗೆ ನಡೆದುಹೋಗುವ ರೋಗಿ ಅವರೆಲ್ಲರ ಋಣದಲ್ಲಿದ್ದಾನೆ.

ಮುಂದಿನದು ವೇಗವಾಗಿ ನಡೆಯಿತು. 2004ರಲ್ಲಿ ಎಡ್ವರ್ಡ್ಸ್ ಕಂಪನಿ, ಹಿಂದೆ ಹೇಳಿದ ಆ ಎಂಜಿನಿಯರನ ಹೆಸರು ಹೊತ್ತ ಸಂಸ್ಥೆ, ಕ್ರಿಬಿಯೆಯ ಪುಟ್ಟ ಕಂಪನಿಯನ್ನು 12.5 ಕೋಟಿ ಡಾಲರಿಗೆ ಕೊಂಡಿತು. ಕೆನಡಾದ ವ್ಯಾಂಕೂವರಿನಲ್ಲಿ ಜಾನ್ ವೆಬ್ ತೊಡೆಯ ಅಪಧಮನಿಯಿಂದ ನೇರವಾಗಿ ಮೇಲೇರುವ ಸರಳ ದಾರಿಯನ್ನು ಪಳಗಿಸಿದ. ಫ್ರೆಂಚ್ ಶಸ್ತ್ರವೈದ್ಯ ಜಾಕ್ ಸೆಗಾಂ ‘ಕೋರ್‌ವಾಲ್ವ್’ ಎಂಬ ಇನ್ನೊಂದು ಬಗೆಯ ಕವಾಟ ತಂದ; ಅದಕ್ಕೆ ಬಲೂನೇ ಬೇಡ, ತಣ್ಣೀರಿನಲ್ಲಿ ಮುದುಡಿ ಮೈಯ ಬಿಸಿಗೆ ತಾನೇ ಅರಳುವ ನಿಟಿನಾಲ್ ಲೋಹದ ಪಂಜರ ಅದು. ಬಲೂನಿನ ಕವಾಟವನ್ನು ಕೂರಿಸುವ ಕ್ಷಣದಲ್ಲಿ ರಕ್ತದ ರಭಸ ಅದನ್ನು ತಳ್ಳದಿರಲೆಂದು ಕೃತಕ ವಿದ್ಯುತ್ ಮಿಡಿತದಿಂದ ಹೃದಯವನ್ನು ನಿಮಿಷಕ್ಕೆ 180ಕ್ಕೂ ಹೆಚ್ಚು ಬಾರಿ ಓಡಿಸುತ್ತಾರೆ. ಅಷ್ಟು ವೇಗದಲ್ಲಿ ಹೃದಯ ಅದುರುತ್ತದೆಯೇ ಹೊರತು ರಕ್ತವನ್ನು ಹೆಚ್ಚೇನೂ ನೂಕುವುದಿಲ್ಲ. ಆ ಕೆಲವು ಸೆಕೆಂಡುಗಳಲ್ಲಿ ಕವಾಟ ನೆಲೆಯಾಗಬೇಕು. 2007ರಲ್ಲಿ ಯುರೋಪು ಈ ಕವಾಟಗಳಿಗೆ ಅನುಮತಿ ನೀಡಿತು. ಆಂಡರ್ಸನ್‌ನ ಹಳೆಯ ಹಕ್ಕುಸ್ವಾಮ್ಯ ಅಷ್ಟರಲ್ಲಿ ಎಡ್ವರ್ಡ್ಸ್ ಕೈ ಸೇರಿತ್ತು. ಅದರ ಬಲದಿಂದ ಪ್ರತಿಸ್ಪರ್ಧಿಯ ಮೇಲೆ ಹೂಡಿದ ವ್ಯಾಜ್ಯಗಳು 2014ರಲ್ಲಿ 75 ಕೋಟಿ ಡಾಲರಿನ ಒಪ್ಪಂದದಲ್ಲಿ ಮುಗಿದವು. ಮಾಂಸದಂಗಡಿಯ ಹಂದಿ ಹೃದಯದಿಂದ ಇಷ್ಟು ದೂರ!

ಆದರೆ ಷರಾವನ್ನು ನಿಜವಾಗಿ ಅಳಿಸಿದ್ದು 2010ರ ಒಂದು ಪರೀಕ್ಷೆ. ‘ಪಾರ್ಟ್‌ನರ್’ ಎಂಬ ಹೆಸರಿನ ಆ ಅಧ್ಯಯನದ ಒಂದು ಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ಅನರ್ಹರೆಂದು ಶಸ್ತ್ರವೈದ್ಯರೇ ತೀರ್ಮಾನಿಸಿದ 358 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ರೂಢಿಯ ಚಿಕಿತ್ಸೆ ಪಡೆದವರಲ್ಲಿ ವರ್ಷದೊಳಗೆ ಶೇ. 50.7 ಮಂದಿ ಸತ್ತಿದ್ದರು. ನಳಿಗೆಯ ಕವಾಟ ಪಡೆದವರಲ್ಲಿ ಶೇ. 30.7. ಐವರಿಗೆ ಚಿಕಿತ್ಸೆ ನೀಡಿದರೆ ಒಂದು ಜೀವ ಹೆಚ್ಚಾಗಿ ಉಳಿಯುತ್ತದೆ ಎಂದಾಯಿತು. ಪಾರ್ಶ್ವವಾಯು ಹೆಚ್ಚಾಗಿತ್ತು ಎಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು. 2019ರ ಹೊತ್ತಿಗೆ ಪರೀಕ್ಷೆಗಳು ಅಪಾಯ ಕಡಿಮೆಯಿರುವ, ಎಪ್ಪತ್ತರ ಆಸುಪಾಸಿನ ರೋಗಿಗಳವರೆಗೆ ಬಂದವು. ಮೊದಲ ವರ್ಷದಲ್ಲಿ ಸಾವು, ಪಾರ್ಶ್ವವಾಯು, ಮರು ದಾಖಲಾತಿ ಸೇರಿ ನಳಿಗೆಯವರಲ್ಲಿ ಶೇ. 8.5, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 15.1. ಐದು ವರ್ಷಗಳ ಲೆಕ್ಕ 2023ರಲ್ಲಿ ಬಂದಾಗ ಆ ಅಂತರ ಗಣನೀಯವಾಗಿ ಉಳಿದಿರಲಿಲ್ಲ. ಜೀವಿಗಳ ಅಂಗಾಂಶದಿಂದ ಮಾಡಿದ ಕವಾಟ ಸವೆಯುತ್ತದೆ. ಎಂಬತ್ತರವರಿಗೆ ಅದು ದೊಡ್ಡ ಚಿಂತೆಯಲ್ಲ, ಅರವತ್ತರವರಿಗೆ ಚಿಂತೆಯೇ. ಇದ್ದ ಬದ್ದವರಿಗೆಲ್ಲ ಇದೇ ಮೇಲು ಎಂಬ ಈಚಿನ ಉತ್ಸಾಹವನ್ನು ನಾವು ಅಷ್ಟಾಗಿ ನಂಬಲಾರೆವು.

ನಮ್ಮ ದೇಶದಲ್ಲಿ ಕವಾಟದ ಕಥೆಯ ಮೊದಲ ಅಧ್ಯಾಯವೇ ಬೇರೆ. ಇಲ್ಲಿ ಕವಾಟಗಳನ್ನು ಹಾಳುಗೆಡವಿದ್ದು ಮುಪ್ಪಿಗಿಂತ ಹೆಚ್ಚಾಗಿ ಬಾಲ್ಯದ ರುಮ್ಯಾಟಿಕ್ ಜ್ವರ. ರೋಗಿಗಳು ಹರೆಯದವರು, ಬಡವರು. ಆಮದು ಕವಾಟದ ಬೆಲೆ ಅವರ ಕೈಗೆ ನಿಲುಕದ್ದು. ಹಫ್ನಗೆಲ್ ಇದ್ದ ಜಾರ್ಜ್‌ಟೌನ್ ಆಸ್ಪತ್ರೆಯಲ್ಲಿಯೂ ತರಬೇತಿ ಪಡೆದು ಬಂದ ಎಂ.ಎಸ್. ವಲಿಯತ್ತಾನ್ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ದೇಶೀ ಕವಾಟಕ್ಕೆ ಕೈ ಹಾಕಿದರು. ಮೂರು ಮಾದರಿಗಳು ಸೋತವು. ನಾಲ್ಕನೆಯದು, ಲೋಹದ ಚೌಕಟ್ಟಿನಲ್ಲಿ ವಾಲುವ ಪ್ಲಾಸ್ಟಿಕ್ ಬಿಲ್ಲೆಯದು, 1990ರ ಡಿಸೆಂಬರಿನಲ್ಲಿ ರೋಗಿಯ ಹೃದಯ ಸೇರಿತು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಾ ಕವಾಟಗಳು ಬಳಕೆಯಾಗಿವೆ. ವಲಿಯತ್ತಾನ್ ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, ಚರಕ ಸುಶ್ರುತರ ಬಗೆಗೆ ಗ್ರಂಥಗಳನ್ನು ಬರೆಯುತ್ತ ಅಲ್ಲಿಯೇ ನೆಲೆಸಿದರು. ಕ್ರಿಬಿಯೆ ತೀರಿಕೊಂಡ 2024ರಲ್ಲಿಯೇ ಅವರೂ ತೀರಿಕೊಂಡರು. ಚಿತ್ರಾ ಕವಾಟವನ್ನು ಎದೆ ತೆರೆದೇ ಹೊಲಿಯಬೇಕು. ನಳಿಗೆಯ ಕವಾಟವನ್ನೂ ನಾವೇ ಮಾಡುವಂತಾದದ್ದು ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ‘ಮೈವಾಲ್’ನಿಂದ. ವಿದೇಶೀ ಕವಾಟಗಳ ಅಳತೆಗಳ ನಡುವೆ ಬೀಳುವ ರೋಗಿಗಳಿಗಾಗಿ ಅದು ಒಂದೂವರೆ ಮಿಲಿಮೀಟರಿನ ಅಂತರದಲ್ಲಿ ಹಲವು ಅಳತೆಗಳಲ್ಲಿ ಬರುತ್ತದೆ. 768 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಎಡ್ವರ್ಡ್ಸ್ ಹಾಗೂ ಮೆಡ್‌ಟ್ರಾನಿಕ್ ಕವಾಟಗಳಿಗೆ ಕಡಿಮೆಯಿಲ್ಲವೆಂದು 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು.

ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಬೆಂಗಳೂರಿನಲ್ಲಿಯೂ ಈಗ ಈ ಚಿಕಿತ್ಸೆ ಲಭ್ಯ. ವಯಸ್ಸು ಎಂಬತ್ತೈದು ಎಂದರೆ ವೈದ್ಯರು ಗಾಬರಿಯಾಗುವುದಿಲ್ಲ, ಸಿ.ಟಿ. ಸ್ಕ್ಯಾನ್ ಮಾಡಿಸಿ ಕವಾಟದ ಅಳತೆ, ತೊಡೆಯ ನಾಳದ ಅಗಲ ನೋಡಿ ‘ಮಾಡಬಹುದು’ ಎನ್ನುತ್ತಾರೆ. ಆಮೇಲೆ ಮಕ್ಕಳು ಬಿಲ್ಲಿಂಗ್ ಕೌಂಟರಿಗೆ ಹೋಗಿ ಅಂದಾಜು ವೆಚ್ಚದ ಪಟ್ಟಿ ತರುತ್ತಾರೆ. ಕೊಠಡಿ ಬಾಡಿಗೆ, ವೈದ್ಯರ ಶುಲ್ಕ, ಔಷಧ ಎಂದು ಇಳಿಯುವ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಕವಾಟ ಎಂಬ ಒಂದು ಸಾಲಿನ ಮುಂದೆ ಇರುತ್ತದೆ, ಲಕ್ಷಗಳಲ್ಲಿ.